ಬಾಂಡ್ ಇರುವ ಮೊದಲ ಕೆಲಸ: ಸಹಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವ ಬಗೆ

ಮಂಗಳೂರು, ಉಡುಪಿ, ಮಣಿಪಾಲ, ಸುರತ್ಕಲ್, ನಿಟ್ಟೆಯ ಕಾಲೇಜುಗಳಿಂದ ಪ್ರತಿ ವರ್ಷ ಹೊರಬರುವ ಎಂಜಿನಿಯರಿಂಗ್, ನರ್ಸಿಂಗ್, ಬಿಕಾಂ, ಬಿಸಿಎ ಪದವೀಧರರಲ್ಲಿ ಅನೇಕರ ಮೊದಲ ನೇಮಕಾತಿಯ ಕಾಗದಗಳಲ್ಲಿ ಒಂದು ಷರತ್ತು ಇರುತ್ತದೆ: ಇಷ್ಟು ತಿಂಗಳು ಕೆಲಸ ಮಾಡಲೇಬೇಕು, ನಡುವೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು. ಎಲ್ಲರೂ ಬಾಂಡ್ ಎಂದು ಕರೆಯುವುದು ಇದನ್ನೇ. ಇದರ ಬಗ್ಗೆ ಸಲಹೆ ಕೇಳಿದರೆ ಎರಡು ಉತ್ತರಗಳು ಥಟ್ಟನೆ ಸಿಗುತ್ತವೆ. "ಬಾಂಡಿಗೆಲ್ಲ ಕೋರ್ಟಿನಲ್ಲಿ ಬೆಲೆ ಇಲ್ಲ, ಸುಮ್ಮನೆ ಸಹಿ ಹಾಕು ಮಾರಾಯ" ಎಂಬುದು ಹಾಸ್ಟೆಲಿನ ಸೀನಿಯರುಗಳ ಮಾತು. "ಬಾಂಡ್ ಕೇಳುವ ಕಂಪನಿಯ ದಿಕ್ಕಿಗೆ ತಲೆ ಹಾಕಿಯೂ ಮಲಗಬೇಡ" ಎಂಬುದು ಮನೆಯ ಹಿರಿಯರ ಮಾತು. ಮೊದಲನೆಯದು ಕಾನೂನಿನ ದೃಷ್ಟಿಯಿಂದ ತಪ್ಪು, ಎರಡನೆಯದು ಲೆಕ್ಕದ ದೃಷ್ಟಿಯಿಂದ ತಪ್ಪು.

ಬಾಂಡ್ ಎಂದರೆ ಕೆಲಸವನ್ನು ಅವಧಿಗೆ ಮೊದಲೇ ಬಿಡುವುದಕ್ಕೆ ಮುಂಚಿತವಾಗಿ ನಿಗದಿಪಡಿಸಿದ ಬೆಲೆ. ಆ ಬೆಲೆ ನಿಜವಾಗಿ ಎಷ್ಟು, ಅದಕ್ಕೆ ಪ್ರತಿಯಾಗಿ ಕಂಪನಿ ಕೊಡುವುದೇನು, ಪರಿಸ್ಥಿತಿ ತೀರಾ ಕೆಟ್ಟರೆ ಅದನ್ನು ಕಟ್ಟುವ ಶಕ್ತಿ ಮನೆಗೆ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ತೀರ್ಮಾನ ಕಷ್ಟವಲ್ಲ. ಆ ಉತ್ತರಗಳನ್ನು ಹುಡುಕುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಕರಡನ್ನು ಮುಂಚಿತವಾಗಿ ತರಿಸಿಕೊಳ್ಳಿ

ಆಫರ್ ಲೆಟರಿನಲ್ಲಿ ಸಾಮಾನ್ಯವಾಗಿ "ಅಭ್ಯರ್ಥಿಯು ಸರ್ವಿಸ್ ಅಗ್ರಿಮೆಂಟಿಗೆ ಸಹಿ ಹಾಕತಕ್ಕದ್ದು" ಎಂಬ ಒಂದೇ ಸಾಲು ಇರುತ್ತದೆ. ಅಗ್ರಿಮೆಂಟಿನ ಪೂರ್ಣ ಪಾಠ ಕಣ್ಣಿಗೆ ಬೀಳುವುದು ಕೆಲಸಕ್ಕೆ ಸೇರುವ ದಿನ, ಅಂದರೆ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ಬೆಂಗಳೂರಿನಲ್ಲಿ ಪಿಜಿಗೆ ಅಡ್ವಾನ್ಸ್ ಕೊಟ್ಟು, ಉಳಿದ ಆಫರುಗಳನ್ನು ಬಿಟ್ಟುಕೊಟ್ಟಾದ ಮೇಲೆ. ಆ ಹೊತ್ತಿನಲ್ಲಿ ಯಾರೂ ಇಪ್ಪತ್ತು ಪುಟ ಓದಿ "ಇದು ನನಗೆ ಒಪ್ಪಿಗೆಯಿಲ್ಲ" ಎಂದು ಎದ್ದು ಬರುವುದಿಲ್ಲ. ಹಾಗಾಗಿ ಆಫರ್ ಕೈಸೇರಿದ ದಿನವೇ ಎಚ್‌ಆರ್ ವಿಭಾಗಕ್ಕೆ ಇಮೇಲ್ ಕಳುಹಿಸಿ. ಧಾಟಿ ಹೀಗಿದ್ದರೆ ಸಾಕು: "ತಮ್ಮ ಸಂಸ್ಥೆಯಿಂದ ಆಫರ್ ಬಂದಿರುವುದಕ್ಕೆ ಕೃತಜ್ಞನಾಗಿದ್ದೇನೆ. ಸೇರುವ ಸಮಯದಲ್ಲಿ ನಾನು ಸಹಿ ಹಾಕಬೇಕಾಗಿರುವ ಎಲ್ಲ ಕರಾರುಗಳ ಕರಡು ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ. ಮನೆಯವರೊಂದಿಗೆ ಓದಿ ನಾಲ್ಕು ದಿನಗಳೊಳಗೆ ಒಪ್ಪಿಗೆ ತಿಳಿಸುತ್ತೇನೆ."

ಹೀಗೆ ಕೇಳಿದರೆ ಆಫರ್ ಹೋದೀತು ಎಂಬ ಅಂಜಿಕೆ ನಮ್ಮ ಕರಾವಳಿಯ ಮಕ್ಕಳಲ್ಲಿ ಸ್ವಲ್ಪ ಹೆಚ್ಚೇ ಇದೆ. ಕರಡು ಕೇಳಿದ್ದಕ್ಕೆ ಆಫರ್ ಹಿಂತೆಗೆದುಕೊಳ್ಳುವ ಸಂಸ್ಥೆ ನಾಳೆ ರಜೆ ಕೇಳಿದರೆ ಹೇಗೆ ನಡೆದುಕೊಂಡೀತು ಎಂಬುದನ್ನು ಯೋಚಿಸಿದರೆ ಆ ಅಂಜಿಕೆ ಕಡಿಮೆಯಾಗಬಹುದು. ಕ್ಯಾಂಪಸ್ ಮೂಲಕ ಬಂದ ಆಫರ್ ಆಗಿದ್ದರೆ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರನ್ನು ಎರಡು ವಿಷಯ ಕೇಳಬೇಕು. ಬಾಂಡಿನ ಸಂಗತಿಯನ್ನು ಕಂಪನಿಯು ಆಯ್ಕೆಗೆ ಮೊದಲೇ ತಿಳಿಸಿತ್ತೇ? ಈ ಆಫರನ್ನು ಒಪ್ಪಿದರೆ ಅಥವಾ ನಿರಾಕರಿಸಿದರೆ ಮುಂದಿನ ಸಂದರ್ಶನಗಳಿಗೆ ಅವಕಾಶವಿದೆಯೇ? ಒಬ್ಬ ವಿದ್ಯಾರ್ಥಿಗೆ ಒಂದೇ ಕೆಲಸ ಎಂಬ ನಿಯಮ ಅನೇಕ ಕಾಲೇಜುಗಳಲ್ಲಿದೆ. ಬಾಂಡಿನ ವಿಷಯವನ್ನು ಮೊದಲು ಮುಚ್ಚಿಟ್ಟಿದ್ದರೆ ಆ ನಿಯಮದಿಂದ ವಿನಾಯಿತಿ ಕೇಳುವುದು ನ್ಯಾಯವಾದ ಬೇಡಿಕೆ.

ಎರಡನೆಯ ಹಂತ: ಪೆನ್ಸಿಲ್ ಹಿಡಿದು ಓದಿ

ಕರಡು ಬಂದ ಮೇಲೆ ಮೊದಲು ನೋಡಬೇಕಾದದ್ದು ಹಣದ ಮೊತ್ತವನ್ನಲ್ಲ, ಅವಧಿ ಯಾವ ದಿನದಿಂದ ಆರಂಭವಾಗುತ್ತದೆ ಎಂಬುದನ್ನು. "ಎರಡು ವರ್ಷ" ಎಂದು ಬಾಯಿಮಾತಿನಲ್ಲಿ ಹೇಳಿದ್ದು ಕಾಗದದಲ್ಲಿ "ತರಬೇತಿ ಪೂರ್ಣಗೊಂಡ ದಿನಾಂಕದಿಂದ 24 ತಿಂಗಳು" ಎಂದಿದ್ದರೆ, ಆರು ತಿಂಗಳ ತರಬೇತಿ ಸೇರಿ ಅದು ಎರಡೂವರೆ ವರ್ಷವಾಗುತ್ತದೆ. ಸಂಬಳವಿಲ್ಲದ ರಜೆಯ ದಿನಗಳು, ಪ್ರೊಬೇಷನ್ ವಿಸ್ತರಣೆ, ಹೆರಿಗೆ ರಜೆ ಇವುಗಳಿಂದ ಅವಧಿ ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನೂ ನೋಡಬೇಕು.

ಅನಂತರ ಮೊತ್ತ. ಅದು ಕೊನೆಯ ದಿನದವರೆಗೂ ಅಷ್ಟೇ ಇರುತ್ತದೆಯೋ, ಕೆಲಸ ಮಾಡಿದ ತಿಂಗಳುಗಳಿಗೆ ಅನುಗುಣವಾಗಿ ಇಳಿಯುತ್ತ ಹೋಗುತ್ತದೆಯೋ ಎಂಬುದು ಬಾಂಡಿನ ಜೀವಾಳ. ಇಪ್ಪತ್ತಮೂರನೆಯ ತಿಂಗಳಲ್ಲಿ ಬಿಟ್ಟವನಿಂದಲೂ ಎರಡನೆಯ ತಿಂಗಳಲ್ಲಿ ಬಿಟ್ಟವನಿಂದಲೂ ಒಂದೇ ಮೊತ್ತ ಕೇಳುವ ಕರಾರು ಖರ್ಚನ್ನು ವಸೂಲು ಮಾಡುವುದಕ್ಕೆ ಬರೆದದ್ದಲ್ಲ, ಹೆದರಿಸುವುದಕ್ಕೆ ಬರೆದದ್ದು ಎಂಬುದು ನನ್ನ ಅಭಿಪ್ರಾಯ. ಮೊತ್ತದ ಮೇಲೆ ಬಡ್ಡಿ, ವಕೀಲರ ಶುಲ್ಕ, "ತರಬೇತಿಯ ವಾಸ್ತವ ವೆಚ್ಚ" ಎಂಬ ಬೇರೆ ಬಾಬತ್ತುಗಳು ಸೇರಿಕೊಳ್ಳುತ್ತವೆಯೇ ಎಂದು ಗಮನಿಸಿ. ನೋಟಿಸ್ ಪೀರಿಯಡ್ ಕೂಡ ಬೇರೆಯೇ ಇರುತ್ತದೆ. ಮೂರು ತಿಂಗಳ ನೋಟಿಸ್ ಕೊಡದಿದ್ದರೆ ಅದರ ಸಂಬಳವನ್ನೂ ಬಾಂಡಿನ ಹಣವನ್ನೂ ಒಟ್ಟಿಗೆ ಕೇಳುವ ಕರಾರುಗಳಿವೆ.

ಮೂರನೆಯ ಸಂಗತಿಯನ್ನು ಹೆಚ್ಚಿನವರು ಓದುವುದೇ ಇಲ್ಲ: ಕೆಲಸವನ್ನು ನೀವು ಬಿಡದೆ ಕಂಪನಿಯೇ ತೆಗೆದುಹಾಕಿದರೆ ಏನು? ಪ್ರಾಜೆಕ್ಟ್ ಇಲ್ಲ ಎಂದೋ, ತರಬೇತಿಯ ಪರೀಕ್ಷೆಯಲ್ಲಿ ಅಂಕ ಸಾಲದು ಎಂದೋ ಕಳುಹಿಸಿದಾಗಲೂ ಹಣ ಕಟ್ಟಬೇಕು ಎಂಬ ಅರ್ಥ ಬರುವಂತೆ ಕೆಲವು ಕರಾರುಗಳು "ಯಾವುದೇ ಕಾರಣದಿಂದ ಸೇವೆ ಕೊನೆಗೊಂಡರೆ" ಎಂದು ಬರೆದಿರುತ್ತವೆ. ಆ ನಾಲ್ಕು ಪದಗಳ ಕೆಳಗೆ ಗೆರೆ ಎಳೆದಿಡಿ.

ನಾಲ್ಕನೆಯದು ವರ್ಗಾವಣೆ, ನಮ್ಮ ಊರಿನವರಿಗೆ ಇದು ವಿಶೇಷವಾಗಿ ಮುಖ್ಯ. ಕೊಟ್ಟಾರದಲ್ಲೋ ಮಣಿಪಾಲದಲ್ಲೋ ಕೆಲಸ ಎಂಬ ಕಾರಣಕ್ಕೆ ಕಡಿಮೆ ಸಂಬಳವನ್ನು ಸಂತೋಷದಿಂದ ಒಪ್ಪುವವರು ಬಹಳ ಮಂದಿ ಇದ್ದಾರೆ. ಕಾಪುವಿನಿಂದಲೋ ಮೂಲ್ಕಿಯಿಂದಲೋ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರಬಹುದು, ಮನೆಯ ಊಟ, ಬಾಡಿಗೆಯಿಲ್ಲ, ಆಟಿ ತಿಂಗಳ ಮಳೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರಬೇಕಾಗಿಲ್ಲ. ಆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದೇ ಕರಾರಿನಲ್ಲಿ "ಸಂಸ್ಥೆಯ ಯಾವುದೇ ಕಚೇರಿಗೆ ವರ್ಗಾಯಿಸುವ ಹಕ್ಕು ಇದೆ" ಎಂದಿದ್ದರೆ, ಎಂಟನೆಯ ತಿಂಗಳಲ್ಲಿ ಅದೇ ಸಂಬಳಕ್ಕೆ ಪುಣೆಗೋ ನೋಯ್ಡಾಕ್ಕೋ ಹೋಗಬೇಕಾಗಿ ಬಂದಾಗ ಕೈಗೆ ಉಳಿಯುವುದು ಬಾಂಡ್ ಮಾತ್ರ. ಊರಿನಲ್ಲಿ ಕೆಲಸ ಎಂಬುದೇ ನೀವು ಒಪ್ಪುವುದಕ್ಕೆ ಕಾರಣವಾಗಿದ್ದರೆ, ಬಾಂಡಿನ ಅವಧಿಯಲ್ಲಿ ಒಪ್ಪಿಗೆಯಿಲ್ಲದೆ ವರ್ಗಾವಣೆ ಇಲ್ಲ ಎಂಬ ಸಾಲು ಕಾಗದದಲ್ಲಿ ಇರಲೇಬೇಕು.

ವ್ಯಾಜ್ಯವಾದರೆ ಯಾವ ಊರಿನ ನ್ಯಾಯಾಲಯ ಅಥವಾ ಮಧ್ಯಸ್ಥಿಕೆ, ಜಾಮೀನುದಾರರು ಯಾರು, ಚೆಕ್ ಕೇಳಿದ್ದಾರೆಯೇ, ಮೂಲ ಮಾರ್ಕ್ಸ್ ಕಾರ್ಡ್ ಕೇಳಿದ್ದಾರೆಯೇ, ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ನಿರ್ಬಂಧವಿದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಇವುಗಳ ತೂಕ ಎಷ್ಟು ಎಂಬುದು ಕಾನೂನನ್ನು ನೋಡಿದ ಮೇಲೆ ಸ್ಪಷ್ಟವಾಗುತ್ತದೆ.

ಮೂರನೆಯ ಹಂತ: ಕಾನೂನು ಎಲ್ಲಿಯವರೆಗೆ ಕಟ್ಟಿಹಾಕಬಲ್ಲದು ಎಂದು ತಿಳಿದುಕೊಳ್ಳಿ

ಒಂದು ಭಯವನ್ನು ಮೊದಲು ಕೈಬಿಡಬಹುದು. ಇಷ್ಟವಿಲ್ಲದವನನ್ನು ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳುವಂತೆ ನ್ಯಾಯಾಲಯ ಆದೇಶಿಸುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ ವ್ಯಕ್ತಿಯ ವೈಯಕ್ತಿಕ ಸೇವೆಯನ್ನು ಅವಲಂಬಿಸಿದ ಕರಾರನ್ನು ಆ ರೀತಿ ಜಾರಿ ಮಾಡಿಸಲು ಬರುವುದಿಲ್ಲ. ಬಾಂಡ್ ಮುರಿದರೆ ಪೊಲೀಸರು ಮನೆಗೆ ಬರುತ್ತಾರೆ ಎಂಬುದೂ ಸುಳ್ಳು, ಇದು ಸಿವಿಲ್ ವಿಷಯ. ಕಂಪನಿ ಕೇಳಬಹುದಾದದ್ದು ಹಣ. ಆ ಹಣಕ್ಕಾಗಿ ದಾವೆ ಹೂಡುವುದಕ್ಕೆ ಕರಾರು ಮುರಿದ ದಿನದಿಂದ ಮೂರು ವರ್ಷಗಳ ಕಾಲಮಿತಿ ಇದೆ.

ಎಷ್ಟು ಹಣ ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮು ಹೇಳುತ್ತದೆ. ಕರಾರಿನಲ್ಲಿ ಎರಡು ಲಕ್ಷ ಎಂದು ಬರೆದಿದ್ದ ಮಾತ್ರಕ್ಕೆ ಎರಡು ಲಕ್ಷ ತಾನಾಗಿ ಸಲ್ಲುವುದಿಲ್ಲ. ಅದು ಗರಿಷ್ಠ ಮಿತಿ. ಅದನ್ನು ಮೀರದಂತೆ ಸಮಂಜಸವಾದ ಪರಿಹಾರವನ್ನು ನ್ಯಾಯಾಲಯ ನಿರ್ಧರಿಸುತ್ತದೆ. ತರಬೇತಿಗೆ ನಿಜವಾಗಿ ಖರ್ಚು ಮಾಡಿದ ಸಂಸ್ಥೆಯ ಬೇಡಿಕೆಗೂ ಎರಡು ವಾರ ಪಿಪಿಟಿ ತೋರಿಸಿ ಎರಡು ಲಕ್ಷ ಕೇಳುವ ಸಂಸ್ಥೆಯ ಬೇಡಿಕೆಗೂ ವ್ಯತ್ಯಾಸ ಬೀಳುವುದು ಇಲ್ಲಿಯೇ. ಅದೇ ಕಾಯ್ದೆಯ 27ನೆಯ ಕಲಮು ವ್ಯಕ್ತಿಯ ಉದ್ಯೋಗ, ವ್ಯಾಪಾರಗಳನ್ನು ತಡೆಯುವ ಕರಾರುಗಳನ್ನು ಅಸಿಂಧು ಎನ್ನುತ್ತದೆ. ಆದ್ದರಿಂದ ಕೆಲಸ ಬಿಟ್ಟ ಮೇಲೆ ಇನ್ನೊಂದು ಕಂಪನಿಗೆ ಸೇರಬಾರದು ಎಂಬ ಷರತ್ತಿಗೆ ನಮ್ಮ ದೇಶದಲ್ಲಿ ಬಲವಿಲ್ಲ. ಕೆಲಸದಲ್ಲಿ ಇರುವಾಗ ಬೇರೆ ಕಡೆ ದುಡಿಯಬಾರದು ಎಂಬ ಷರತ್ತು ಮಾತ್ರ ಸಿಂಧು. ಕಂಪನಿಯ ಗುಟ್ಟುಗಳನ್ನು ಹೊರಗೆ ಕೊಡಬಾರದು ಎಂಬ ಕರ್ತವ್ಯವೂ ಬೇರೆಯೇ, ಅದು ಉಳಿಯುತ್ತದೆ.

ಇದೇ 27ನೆಯ ಕಲಮನ್ನು ಹಿಡಿದು "ಬಾಂಡ್ ಎಂಬುದೇ ಕಾನೂನುಬಾಹಿರ" ಎನ್ನುವವರು 2025ರ ಮೇ 14ರ ಸುಪ್ರೀಂ ಕೋರ್ಟ್ ತೀರ್ಪನ್ನು ಓದಬೇಕು. ಅದು ನಮ್ಮ ಊರಿನಲ್ಲೇ ಹುಟ್ಟಿದ ಬ್ಯಾಂಕಿನ ಪ್ರಕರಣ. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಕಟ್ಟಿದ, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯ ಬ್ಯಾಂಕು 2006ರ ನೇಮಕಾತಿ ಪ್ರಕಟಣೆಯಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು ಹಾಕಿತ್ತು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಪ್ರತಿಭಟನೆ ದಾಖಲಿಸಿ ಹಣ ಕಟ್ಟಿದರು, ಆಮೇಲೆ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಬ್ಯಾಂಕು ಗೆದ್ದಿತು. ಕನಿಷ್ಠ ಸೇವಾವಧಿಯ ಷರತ್ತು 27ನೆಯ ಕಲಮಿಗೆ ವಿರುದ್ಧವಲ್ಲ, ಸಾರ್ವಜನಿಕ ನೀತಿಗೂ ವಿರುದ್ಧವಲ್ಲ ಎಂದು ಪೀಠ ಹೇಳಿತು.

ಆದರೆ ಆ ತೀರ್ಪಿನ ಕಾರಣಗಳನ್ನೂ ಓದಬೇಕು. ಸಾರ್ವಜನಿಕ ಬ್ಯಾಂಕಿನಲ್ಲಿ ಒಂದು ಹುದ್ದೆ ಖಾಲಿಯಾದರೆ ಪ್ರಕಟಣೆ ಹೊರಡಿಸಿ, ಸ್ಪರ್ಧಾತ್ಮಕ ಪ್ರಕ್ರಿಯೆ ನಡೆಸಿಯೇ ತುಂಬಬೇಕು, ಅದಕ್ಕೆ ಹಣವೂ ಸಮಯವೂ ತಗಲುತ್ತದೆ ಎಂಬುದು ಒಂದು ಕಾರಣ. ಒಳ್ಳೆಯ ಸಂಬಳ ಪಡೆಯುವ ಸೀನಿಯರ್ ಮ್ಯಾನೇಜರಿಗೆ 2 ಲಕ್ಷ ರೂಪಾಯಿ ರಾಜೀನಾಮೆಯನ್ನೇ ಅಸಾಧ್ಯಗೊಳಿಸುವಷ್ಟು ದೊಡ್ಡದಲ್ಲ ಎಂಬುದು ಇನ್ನೊಂದು. ತಿಂಗಳಿಗೆ ಇಪ್ಪತ್ತು ಸಾವಿರ ಪಡೆಯುವ ಹೊಸಬನ ಮೇಲೆ ಖಾಸಗಿ ಕಂಪನಿ ಹೇರಿದ ಮೂರು ಲಕ್ಷದ ಬಾಂಡಿಗೆ ಈ ಕಾರಣಗಳು ಹಾಗೆಯೇ ಅನ್ವಯಿಸುವುದಿಲ್ಲ ಎಂದು ವಾದಿಸಲು ಜಾಗವಿದೆ. ವಾದಿಸಲು ಜಾಗವಿರುವುದಕ್ಕೂ ಗೆಲುವು ಖಚಿತವಾಗಿರುವುದಕ್ಕೂ ಅಂತರವಿದೆ. ಸಹಿ ಹಾಕುವಾಗ "ಇದು ನಿಲ್ಲುವುದಿಲ್ಲ" ಎಂಬ ಭರವಸೆಯ ಮೇಲೆ ಹಾಕಬೇಡಿ. "ಪೂರ್ತಿ ಹಣ ಕಟ್ಟಬೇಕಾಗಿ ಬಂದರೂ ನಡೆದೀತು" ಎಂಬ ಲೆಕ್ಕದ ಮೇಲೆ ಹಾಕಿ.

ನಾಲ್ಕನೆಯ ಹಂತ: ಲೆಕ್ಕ ಬರೆಯಿರಿ

ಒಂದು ಊಹಿತ ಉದಾಹರಣೆ ತೆಗೆದುಕೊಳ್ಳೋಣ. ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, 3 ಲಕ್ಷ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿಯ ಬಾಬತ್ತು, ನಿಮ್ಮ ಪಾಲಿನ ಪಿಎಫ್, ವಿಮೆ ಇವೆಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ 20,000 ರೂಪಾಯಿ. ಬಾಂಡ್ 24 ತಿಂಗಳು, 1,50,000 ರೂಪಾಯಿ. ಅಂದರೆ ಬಾಂಡಿನ ಮೊತ್ತ ಏಳೂವರೆ ತಿಂಗಳ ಕೈಸಂಬಳ. ನನ್ನ ಮಟ್ಟಿಗೆ, ಮೂರು ನಾಲ್ಕು ತಿಂಗಳ ಕೈಸಂಬಳದೊಳಗೆ ಇರುವ ಬಾಂಡಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆರು ತಿಂಗಳನ್ನು ದಾಟಿದರೆ ಪ್ರತಿಯಾಗಿ ಏನೋ ದೊಡ್ಡದು ಸಿಗುತ್ತಿರಬೇಕು.

ಈಗ ಹದಿನಾಲ್ಕು ತಿಂಗಳ ಬಳಿಕ 38,000 ರೂಪಾಯಿ ಕೈಗೆ ಬರುವ ಇನ್ನೊಂದು ಕೆಲಸ ಸಿಕ್ಕಿತು ಎನ್ನಿ. ಬಾಂಡ್ ಇಳಿಯುವ ಬಗೆಯದಾಗಿದ್ದರೆ ಉಳಿದ ಹತ್ತು ತಿಂಗಳಿಗೆ, ತಿಂಗಳಿಗೆ 6,250ರಂತೆ, 62,500 ರೂಪಾಯಿ ಕಟ್ಟಬೇಕು. ಹೊಸ ಕೆಲಸದ ಹೆಚ್ಚುವರಿ 18,000 ರೂಪಾಯಿಯಿಂದ ಅದು ಮೂರೂವರೆ ತಿಂಗಳಲ್ಲಿ ತೀರುತ್ತದೆ. ಇಳಿಯದ ಬಾಂಡ್ ಆಗಿದ್ದರೆ 1,50,000 ಕಟ್ಟಬೇಕು, ಅದು ತೀರಲು ಎಂಟು ತಿಂಗಳಿಗಿಂತ ಹೆಚ್ಚು ಬೇಕು, ಹತ್ತು ತಿಂಗಳು ಕಾದರೆ ಬಾಂಡೇ ಮುಗಿಯುತ್ತದೆ. ಎರಡನೆಯ ಬಗೆಯಲ್ಲಿ ಬಿಟ್ಟುಹೋಗುವ ಲಾಭ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಒಂದೇ ಮೊತ್ತದ ಎರಡು ಬಾಂಡುಗಳು ಎಷ್ಟು ಬೇರೆ ಎಂಬುದು ಈ ಗುಣಾಕಾರ ಮಾಡದೆ ಕಾಣುವುದಿಲ್ಲ.

ಇದರ ಜೊತೆಗೆ ಮನೆಯ ಕಡೆಯ ಕಾಲಂ ಬರೆಯಬೇಕು. ಶಿಕ್ಷಣ ಸಾಲ ಇದ್ದರೆ, ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. 4 ಲಕ್ಷದ ಸಾಲಕ್ಕೆ ಶೇಕಡಾ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 5,300 ರೂಪಾಯಿ. ಮನೆಯಿಂದಲೇ ಓಡಾಡಿದರೆ 20,000ದಲ್ಲಿ ಇದು ಸುಲಭ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ತಿಂಗಳಿಗೊಮ್ಮೆ ಊರಿಗೆ ಬಸ್ಸು ಎಂದಾಗ ಅದೇ ಸಂಬಳದಲ್ಲಿ ಏನೂ ಉಳಿಯುವುದಿಲ್ಲ. ಏನೂ ಉಳಿಯದವನು ಬಾಂಡಿನ ಹಣವನ್ನು ಎಂದೂ ಕೂಡಿಡಲಾರ. ಅವನ ಪಾಲಿಗೆ ಬಾಂಡ್ ನಿಜವಾದ ಬೇಡಿ.

ಬಾಂಡ್ ಇಲ್ಲದ ಇನ್ನೊಂದು ಆಫರ್ ಕೈಯಲ್ಲಿದ್ದರೆ ಎರಡು ವರ್ಷದ ಒಟ್ಟು ಸಂಬಳವನ್ನು ಅಕ್ಕಪಕ್ಕ ಬರೆದು ನೋಡಿ. ಕೈಯಲ್ಲಿ ಬೇರೇನೂ ಇಲ್ಲದಿದ್ದರೆ ಆರು ತಿಂಗಳು ಕೆಲಸವಿಲ್ಲದೆ ಕೂರುವ ನಷ್ಟವನ್ನು ಬರೆಯಿರಿ, ಏಕೆಂದರೆ ಅದೂ ಹಣವೇ: ಮೇಲಿನ ಉದಾಹರಣೆಯಲ್ಲಿ 1,20,000 ರೂಪಾಯಿ.

ಐದನೆಯ ಹಂತ: ಪ್ರತಿಯಾಗಿ ಸಿಗುವುದೇನು ಎಂದು ವಿಚಾರಿಸಿ

ತರಬೇತಿ ಎಂಬ ಪದವನ್ನು ನಂಬದೆ ಅದರ ವಿವರ ಕೇಳಬೇಕು. ಎಷ್ಟು ವಾರ, ಕಲಿಸುವವರು ಯಾರು, ಕಲಿತದ್ದಕ್ಕೆ ಆ ಕಂಪನಿಯ ಹೊರಗೆ ಬೆಲೆ ಇದೆಯೇ, ತರಬೇತಿಯ ಕಾಲದಲ್ಲಿ ಪೂರ್ಣ ಸಂಬಳವೋ ಸ್ಟೈಪೆಂಡೋ? ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆಗಳ ಶುಲ್ಕವನ್ನು ಕಂಪನಿ ಕಟ್ಟುವುದಾದರೆ ಬಾಂಡಿಗೆ ಆಧಾರವಿದೆ. ಆ ಕಂಪನಿಯೊಳಗೆ ಮಾತ್ರ ಬಳಸುವ ಸಾಫ್ಟ್‌ವೇರನ್ನು ಕಲಿಸುವುದಾದರೆ ಅದು ತರಬೇತಿಯಲ್ಲ, ಕೆಲಸ ತೋರಿಸಿಕೊಡುವುದು ಅಷ್ಟೇ.

ಇದನ್ನು ಕಂಪನಿಯ ಬಾಯಿಂದ ಕೇಳುವುದಕ್ಕಿಂತ ಅಲ್ಲಿ ಎರಡು ವರ್ಷ ಮುಗಿಸಿದ ಸೀನಿಯರುಗಳಿಂದ ಕೇಳುವುದು ಮೇಲು. ಕೆಲಸದಲ್ಲಿ ಇರುವವರಲ್ಲಿ ಒಬ್ಬರನ್ನು, ಅವಧಿ ಮುಗಿಸಿ ಹೋದವರಲ್ಲಿ ಒಬ್ಬರನ್ನು, ನಡುವೆ ಬಿಟ್ಟವರಲ್ಲಿ ಒಬ್ಬರನ್ನು ಹುಡುಕಿ ಮಾತಾಡಿ. ನಡುವೆ ಬಿಟ್ಟವರಿಗೆ ಕಂಪನಿ ನೋಟಿಸ್ ಕಳುಹಿಸಿತೇ, ಕಂತಿನಲ್ಲಿ ಕಟ್ಟಲು ಬಿಟ್ಟಿತೇ, ರಿಲೀವಿಂಗ್ ಲೆಟರನ್ನು (ಕೆಲಸದಿಂದ ಬಿಡುಗಡೆ ಮಾಡಿದ ಪತ್ರವನ್ನು) ಎಷ್ಟು ದಿನ ತಡೆಹಿಡಿಯಿತು ಎಂಬ ಮೂರು ಉತ್ತರಗಳು ಕರಾರಿನ ಇಪ್ಪತ್ತು ಪುಟಗಳಿಗಿಂತ ಹೆಚ್ಚು ಹೇಳುತ್ತವೆ. ಹಾಸ್ಟೆಲ್ ಗುಂಪಿನ ಗಾಳಿಸುದ್ದಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ನರ್ಸಿಂಗ್ ಮುಗಿಸಿದವರ ಲೆಕ್ಕ ಸ್ವಲ್ಪ ಬೇರೆ. ಕೊಲ್ಲಿ ದೇಶಗಳಿಗೋ ಯುರೋಪಿಗೋ ಹೋಗಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಒಂದೆರಡು ವರ್ಷದ ಆಸ್ಪತ್ರೆಯ ಅನುಭವ ಹೇಗೂ ಬೇಕು. ಆದ್ದರಿಂದ ದೊಡ್ಡ ಆಸ್ಪತ್ರೆಯ ತುರ್ತು ನಿಗಾ ಘಟಕದಲ್ಲಿ ಎರಡು ವರ್ಷದ ಬಾಂಡ್ ಅವರಿಗೆ ಹೊರೆಯಲ್ಲ, ಅವರು ಹೇಗೂ ಅಷ್ಟು ಕಾಲ ಇರುವವರೇ. ಅವರು ಖಚಿತಪಡಿಸಿಕೊಳ್ಳಬೇಕಾದದ್ದು ಅನುಭವದ ಪ್ರಮಾಣಪತ್ರದಲ್ಲಿ ವಾರ್ಡಿನ ಹೆಸರು, ಹಾಸಿಗೆಗಳ ಸಂಖ್ಯೆ, ಅವಧಿ ಎಲ್ಲವನ್ನೂ ಬರೆದುಕೊಡುತ್ತಾರೆಯೇ ಎಂಬುದನ್ನು. ಕಾಲೇಜಿನ ಶುಲ್ಕವನ್ನೇ ಆಸ್ಪತ್ರೆ ಭರಿಸಿ ಅದಕ್ಕೆ ಪ್ರತಿಯಾಗಿ ಸೇವೆ ಕೇಳಿದ್ದರೆ ಅದನ್ನು ಸಾಲವೆಂದೇ ತಿಳಿಯಬೇಕು. ಅದು ತೀರಿಸಬೇಕಾದ ಹಣ.

ಆರನೆಯ ಹಂತ: ಬದಲಾವಣೆ ಕೇಳಿ

ಹೊಸಬರ ಕರಾರು ಬದಲಾಗುವುದಿಲ್ಲ ಎಂದು ಎಚ್‌ಆರ್ ಹೇಳುವುದು ವಾಡಿಕೆ. ನೂರಾರು ಜನರನ್ನು ಒಟ್ಟಿಗೆ ಸೇರಿಸಿಕೊಳ್ಳುವ ದೊಡ್ಡ ಕಂಪನಿಗಳಲ್ಲಿ ಅದು ನಿಜ. ಐವತ್ತು, ನೂರು ಜನರಿರುವ ಊರಿನ ಕಂಪನಿಗಳಲ್ಲಿ ಕೇಳಿದರೆ ಸಿಗುವುದುಂಟು. ಎಲ್ಲವನ್ನೂ ಕೇಳದೆ ಎರಡೋ ಮೂರೋ ಸಂಗತಿಗಳನ್ನು ಆರಿಸಿಕೊಳ್ಳಿ. ನನ್ನ ಆಯ್ಕೆ ಈ ಕ್ರಮದಲ್ಲಿ ಇರುತ್ತದೆ: ಮೊತ್ತವು ತಿಂಗಳಿಂದ ತಿಂಗಳಿಗೆ ಇಳಿಯಬೇಕು, ಕಂಪನಿಯೇ ಕೆಲಸದಿಂದ ತೆಗೆದರೆ ಹಣ ಕಟ್ಟಬೇಕಾಗಿಲ್ಲ ಎಂದಿರಬೇಕು, ತೀವ್ರ ಕಾಯಿಲೆ ಅಥವಾ ತಂದೆತಾಯಿಯ ಆರೈಕೆಯ ಕಾರಣಕ್ಕೆ ವಿನಾಯಿತಿ ಇರಬೇಕು. ಫೋನಿನಲ್ಲಿ "ಅದೆಲ್ಲ ನೋಡಿಕೊಳ್ಳೋಣ" ಎಂದು ಹೇಳಿದ್ದನ್ನು ಅದೇ ದಿನ ಇಮೇಲಿನಲ್ಲಿ ಬರೆದು "ತಾವು ತಿಳಿಸಿದಂತೆ ಇದು ಸರಿಯಿದೆಯೇ" ಎಂದು ಕೇಳಿ ಉತ್ತರ ತರಿಸಿಕೊಳ್ಳಿ.

ಏಳನೆಯ ಹಂತ: ಜಾಮೀನು, ಚೆಕ್, ಮಾರ್ಕ್ಸ್ ಕಾರ್ಡ್

ಬಾಂಡಿಗೆ ಜಾಮೀನುದಾರರು ಬೇಕು ಎಂದಾಗ ನಮ್ಮಲ್ಲಿ ಅಪ್ಪನೋ ಸೋದರಮಾವನೋ ಮುಂದೆ ಬರುತ್ತಾರೆ. "ನಿನ್ನ ಕೆಲಸ ಆಗುವುದಾದರೆ ಒಂದು ಸಹಿ ಏನು ದೊಡ್ಡದು ಮಗಾ" ಎಂದು ಮಾವ ಹೇಳಿದರೆ, "ಇದನ್ನು ಒಮ್ಮೆ ಓದಿ ಹಾಕಿ ಮಾವ, ನಾನು ಕಟ್ಟದಿದ್ದರೆ ನೇರವಾಗಿ ನಿಮ್ಮನ್ನೇ ಕೇಳಬಹುದಂತೆ" ಎಂದು ಹೇಳುವುದು ಅಳಿಯನ ಕರ್ತವ್ಯ. ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನಷ್ಟೇ. ಕಂಪನಿ ಮೊದಲು ನಿಮ್ಮ ಮೇಲೆ ದಾವೆ ಹೂಡಿ, ಹಣ ವಸೂಲಾಗದ ಮೇಲೆಯೇ ಅವರ ಬಳಿ ಬರಬೇಕು ಎಂದೇನೂ ಇಲ್ಲ. ನಿವೃತ್ತಿಯ ಅಂಚಿನಲ್ಲಿರುವವರನ್ನು ಇದರಲ್ಲಿ ಸೇರಿಸದಿರುವುದು ಒಳ್ಳೆಯದು.

ಮೊತ್ತ ಬರೆಯದ, ಸಹಿ ಮಾತ್ರ ಹಾಕಿದ ಚೆಕ್ ಕೊಡಲೇಬೇಡಿ. ಸಹಿ ಹಾಕಿದ ಖಾಲಿ ಚೆಕ್ಕನ್ನು ಪಡೆದವರು ತುಂಬಿಸಿದರೂ ಅದು ಹೊಣೆಗಾರಿಕೆಯ ಮೇಲೆ ಕೊಟ್ಟದ್ದೆಂದೇ ಮೊದಲಿಗೆ ಭಾವಿಸಲಾಗುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಅಲ್ಲವೆಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಚೆಕ್ ಬೌನ್ಸ್ ಆದರೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೆಯ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಸಿವಿಲ್ ವಿಷಯ ಕ್ರಿಮಿನಲ್ ಆಗುವ ಬಾಗಿಲು ಇದೊಂದೇ, ಅದನ್ನು ತೆರೆದುಕೊಡುವವರು ನಾವೇ.

ಮೂಲ ಮಾರ್ಕ್ಸ್ ಕಾರ್ಡ್, ಪದವಿ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಿ, ಅಲ್ಲಿಯೇ ವಾಪಸು ಪಡೆಯಿರಿ. ಡಿಜಿಲಾಕರ್‌ನಲ್ಲಿ ಸಿಗುವ ಪ್ರತಿಗಳಿಗೆ 2016ರ ನಿಯಮಗಳ ಪ್ರಕಾರ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ, ಪರಿಶೀಲನೆಗೆ ಅದು ಸಾಕು. ಪಾಸ್‌ಪೋರ್ಟ್ ಕೇಳಿದರೆ, ಅದು ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಸ್ವತ್ತು ಎಂದು ವಿನಯದಿಂದ ಹೇಳಿ.

ತೀರ್ಮಾನ

ಖಾಲಿ ಚೆಕ್, ಮೂಲ ಪ್ರಮಾಣಪತ್ರ, ಸೇರುವ ಮೊದಲೇ ಠೇವಣಿ, ಸಹಿ ಮಾಡಿದ ಕರಾರಿನ ಪ್ರತಿ ಕೊಡಲು ನಿರಾಕರಣೆ: ಇವುಗಳಲ್ಲಿ ಒಂದಿದ್ದರೂ ಸಂಬಳ ಎಷ್ಟಿದ್ದರೂ ಬಿಟ್ಟುಬಿಡಿ ಎಂಬುದು ನನ್ನ ಸಲಹೆ, ಇಲ್ಲಿ ಲೆಕ್ಕಕ್ಕೆ ಕೂರಬೇಕಾಗಿಲ್ಲ. ಇವು ಯಾವುವೂ ಇಲ್ಲದೆ, ಮೊತ್ತ ಇಳಿಯುವ ಬಗೆಯದಾಗಿದ್ದು, ತರಬೇತಿ ನಿಜವಾಗಿದ್ದು, ವರ್ಗಾವಣೆಯಾದರೂ ಮನೆಯ ಲೆಕ್ಕ ಮುರಿಯದಂತಿದ್ದರೆ ಸಹಿ ಹಾಕುವುದರಲ್ಲಿ ಅಳುಕಬೇಕಾಗಿಲ್ಲ. ಮೊದಲ ಎರಡು ವರ್ಷ ಒಂದೇ ಕಡೆ ನಿಂತು ಕಲಿತವರಿಗೆ ಅದರಿಂದ ನಷ್ಟವಾದದ್ದು ಕಡಿಮೆ. ಇವೆರಡರ ನಡುವೆ ಬರುವ ಆಫರುಗಳೇ ಹೆಚ್ಚು, ಉದಾಹರಣೆಗೆ ಇಳಿಯದ ಮೊತ್ತ, ಆದರೆ ಒಳ್ಳೆಯ ಕೆಲಸ. ಅಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರು ಕೊಡಬಹುದಾದ ಅತ್ಯಂತ ನೀರಸ ಪ್ರಾಜೆಕ್ಟಿನಲ್ಲಿ, ಅತ್ಯಂತ ದೂರದ ಊರಿನಲ್ಲಿ ಕೂಡ ಅವಧಿ ಮುಗಿಸುತ್ತೇನೆಯೇ? ಎಂಟೆಕ್ ಅಥವಾ ಎಂಬಿಎಗೆ ಮುಂದಿನ ವರ್ಷವೇ ಹೋಗುವ ಯೋಚನೆ, ಸರ್ಕಾರಿ ಪರೀಕ್ಷೆಯ ಫಲಿತಾಂಶದ ನಿರೀಕ್ಷೆ, ಬೇಗನೆ ಬರಬಹುದಾದ ಮದುವೆಯ ಮಾತು ಇವುಗಳಲ್ಲಿ ಯಾವುದಾದರೂ ಇದ್ದು ಉತ್ತರ ತಡವರಿಸಿದರೆ, ಕಡಿಮೆ ಸಂಬಳದ ಬಾಂಡಿಲ್ಲದ ಕೆಲಸವೇ ಹೆಚ್ಚು ಅಗ್ಗ.

ಸಹಿ ಹಾಕುವ ದಿನ ಮತ್ತು ಮುಂದೆ

ಪ್ರತಿ ಪುಟಕ್ಕೂ ಸಹಿ ಹಾಕಿ, ಖಾಲಿ ಬಿಟ್ಟ ಜಾಗಗಳನ್ನು ತುಂಬಿಸಿಯೇ ಮುಂದುವರಿಯಿರಿ, ಪೂರ್ಣ ಪ್ರತಿಯನ್ನು ಅದೇ ದಿನ ಪಡೆದುಕೊಳ್ಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಅಡಿಯಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ, ಅದನ್ನೂ ಕೇಳಿ ಪಡೆಯಿರಿ. ತರಬೇತಿ ಎಷ್ಟು ದಿನ ನಡೆಯಿತು, ಏನು ಕಲಿಸಿದರು ಎಂಬುದರ ವೇಳಾಪಟ್ಟಿಗಳನ್ನು ಸ್ವಂತ ಇಮೇಲಿನಲ್ಲಿ ಉಳಿಸಿಕೊಳ್ಳಿ. ಮುಂದೆ ಸಮಂಜಸ ಪರಿಹಾರದ ಮಾತು ಬಂದರೆ ಸಾಕ್ಷಿ ಅದೇ.

ನಡುವೆ ಬಿಡಲೇಬೇಕಾದರೆ ಹೇಳದೆ ಕೇಳದೆ ಊರಿಗೆ ಬಂದು ಕೂರಬೇಡಿ. ರಾಜೀನಾಮೆಯನ್ನು ಬರವಣಿಗೆಯಲ್ಲಿ ಕೊಟ್ಟು, ನೋಟಿಸ್ ಅವಧಿಯನ್ನು ಆದಷ್ಟು ಮುಗಿಸಿ, ಬಾಂಡಿನ ಮೊತ್ತದ ಲೆಕ್ಕವನ್ನು ಲಿಖಿತವಾಗಿ ಕೇಳಿ. ಆ ಲೆಕ್ಕದಲ್ಲಿ ಜಿಎಸ್‌ಟಿ ಸೇರಿಸಿದ್ದರೆ ತೆಗೆಸಿ: ಬಾಂಡ್ ಮುರಿದುದಕ್ಕಾಗಿ ವಸೂಲು ಮಾಡುವ ಹಣಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಪಿಎಫ್ ಖಾತೆಯ ಹಣವನ್ನು ಬಾಂಡಿನ ಬಾಕಿಗೆ ಹಿಡಿಯಲು ಬರುವುದಿಲ್ಲ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ವಕೀಲರ ನೋಟಿಸ್ ಬಂದರೆ ಉತ್ತರಿಸದೆ ಬಿಡಬೇಡಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿಯ ಸಂಖ್ಯೆ 15100. ಹಣ ಕಟ್ಟಿಯೇ ಹೊರಬರುವುದಾದರೆ ಬ್ಯಾಂಕ್ ಖಾತೆಯ ಮೂಲಕವೇ ಕಟ್ಟಿ. ರಿಲೀವಿಂಗ್ ಲೆಟರ್, ಅನುಭವದ ಪತ್ರ, ಬಾಕಿ ಏನೂ ಇಲ್ಲ ಎಂಬ ಪತ್ರ ಮತ್ತು ಮಾವ ಸಹಿ ಹಾಕಿದ ಜಾಮೀನಿನ ಮೂಲ ಕಾಗದ ಈ ನಾಲ್ಕನ್ನೂ ಯಾವ ದಿನ ಕೊಡುತ್ತಾರೆ ಎಂಬುದನ್ನು ಹಣ ಕಟ್ಟುವ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ.